ಬದುಕಿರುವವರ ಒಪ್ಪಿಗೆ

ತಿಪ್ಪವ್ವ ತೀರಿಕೊಂಡು ಇಪ್ಪತ್ತಾರು ವರ್ಷಗಳಾಗಿದ್ದವು. ಆದರೂ ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳ ಕೈ ಮಗನ ಮಗ್ಗದಲ್ಲಿ ಕೆಲಸ ಮಾಡುತ್ತಿತ್ತು.

ಇಳಕಲ್ಲಿನ ನೇಕಾರರ ಸಂಘದ ಉದ್ದನೆಯ ಶೆಡ್ಡಿನಲ್ಲಿ ಹನ್ನೆರಡು ಮಗ್ಗಗಳು. ಏಳನೆಯದು ಮಹಾಂತಪ್ಪನದು. ಅವನು ಈಚೆ ಕುಳಿತಿದ್ದ. ಆಚೆ, ಅವನಿಗೆ ಎದುರಾಗಿ, ರಬ್ಬರಿನ ಬೆರಳುಗಳಿದ್ದ ಎರಡು ತೆಳ್ಳನೆಯ ಉಕ್ಕಿನ ಕೈಗಳು ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಎತ್ತಿ ಅವನತ್ತ ಚಾಚುತ್ತಿದ್ದವು. ಇಪ್ಪತ್ತು ಎಳೆಗಳಿಗೊಮ್ಮೆ ಆ ಕೈ ನಿಂತು ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕುತ್ತಿತ್ತು. ತಿಪ್ಪವ್ವನಿಗೆ ಎಲೆ ಅಡಿಕೆಯ ಚಟವಿತ್ತು. ಇಲ್ಲದ ಬೆರಳಿಗೆ ಅಂಟದ ಸುಣ್ಣವನ್ನು ಉಕ್ಕಿನ ಕೈ ಇಪ್ಪತ್ತಾರು ವರ್ಷಗಳಿಂದ ಒರೆಸಿಕೊಳ್ಳುತ್ತಲೇ ಇತ್ತು.

ಇದರ ಹೆಸರು ಹಸ್ತಸ್ಮೃತಿ ಮಗ್ಗ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿಯಾಗಿ ಸಿಕ್ಕಿಸಿ ಜೋಡಿಸಬೇಕು. ಒಬ್ಬರು ಎಳೆ ಕೊಡಬೇಕು, ಇನ್ನೊಬ್ಬರು ಹಿಡಿಯಬೇಕು. ಮನೆಮಂದಿಯೆಲ್ಲ ಮಗ್ಗಕ್ಕೆ ಕೂಡುತ್ತಿದ್ದ ಕಾಲ ಮುಗಿದು, ಎದುರಿಗೆ ಕೂಡಲು ಜನ ಸಿಗದಂತಾದಾಗ ವಿಜ್ಞಾನಿಗಳು ಈ ಯಂತ್ರವನ್ನು ಕಂಡುಹಿಡಿದರು. ನೇಯುವವರ ಬೆರಳಿನ ಒತ್ತಡ, ಎಳೆತ, ವೇಗ, ತಡವರಿಕೆ ಎಲ್ಲವನ್ನೂ ಮಗ್ಗದೊಳಗಿನ ಒಂದು ಸ್ಮೃತಿತಟ್ಟೆ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಆ ಮನುಷ್ಯ ಇಲ್ಲದಿದ್ದರೂ ಅವರ ಕೈಯನ್ನು ಕರೆದು ಎದುರಿಗೆ ಕೂಡಿಸಿಕೊಳ್ಳಬಹುದು. ಹೀಗೆ ಎದುರು ಕುಳಿತ ಉಕ್ಕಿನ ಕೈಗೆ ನೇಕಾರರು ಇಟ್ಟ ಹೆಸರು ಜೊತೆಗೈ.

ಅಂದು ನೂರಾ ನಲವತ್ತನೆಯ ಕೊಂಡಿಯಲ್ಲಿ ತಿಪ್ಪವ್ವನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಮಹಾಂತಪ್ಪ ಉಸಿರು ಬಿಗಿಹಿಡಿದು ಕುಳಿತ. ಒಂದು ನಿಮಿಷವಾದ ಮೇಲೆ ಅದು ನಿದ್ದೆಯಿಂದ ಬೆಚ್ಚಿಬಿದ್ದವರ ಹಾಗೆ ಜಗ್ಗಿತು. ನಲವತ್ತು ಎಳೆಗಳು ಪಟಪಟನೆ ಹರಿದವು.

ಪಕ್ಕದ ಬೆಂಚಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದವಳು ಡಾ. ತಹಸೀನ ಬಾಗವಾನ. ವಿಜಯಪುರದವಳು. ಹಸ್ತಸ್ಮೃತಿ ಯಂತ್ರಗಳ ತಜ್ಞೆ. ಸಂಘದವರು ಬರೆದ ಮೂರನೆಯ ಪತ್ರಕ್ಕೆ ಬಂದಿದ್ದಳು.

"ಎಷ್ಟ ದಿನದಿಂದ ಹಿಂಗ ಕಾಕಾ?" ಎಂದು ಕೇಳಿದಳು.

"ನಾಕ ವರ್ಷ ಆತ್ರಿ. ಮೊದಲ ತಿಂಗಳಿಗೊಮ್ಮೆ ನಿಲ್ಲತಿತ್ತು. ಈಗ ದಿನಾ."

"ನಾಕ ವರ್ಷದಾಗ ನಮ್ಮವರು ನಾಕ ಸಲ ಬಂದಾರ. ನೀವು ನಾಕೂ ಸಲ ಚಾ ಕುಡಿಸಿ ಹಿಂದಕ ಕಳಿಸೀರಿ."

ಮಹಾಂತಪ್ಪ ಹರಿದ ಎಳೆಗಳನ್ನು ಆರಿಸುತ್ತಿದ್ದವನು ತಲೆ ಎತ್ತಲಿಲ್ಲ. "ಇವತ್ತೂ ಚಾ ಬರತೈತ್ರಿ ಬಾಯಾರ," ಎಂದ.

ಚಹಾ ಬಂತು. ತಹಸೀನ ಕುಡಿದಳು, ಆದರೆ ಏಳಲಿಲ್ಲ. ಮಗ್ಗದ ಕೆಳಗಿನ ಪೆಟ್ಟಿಗೆ ತೆರೆದು ತನ್ನ ಪರೀಕ್ಷಾಯಂತ್ರದ ತಂತಿ ಸಿಕ್ಕಿಸಿದಳು. ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ ಮೂಡಿತು. ಅದರಲ್ಲಿ ಮೂರು ಭಾಗಗಳು. ಮೊದಲನೆಯದು ಕಡುಗೆಂಪು, ನಡುವಿನದು ಬಿಳಿ, ಕೊನೆಯದು ಹಸಿರು.

"ಒಂದು ಹಾಸಿನ ಮ್ಯಾಲ ಸಾಲಾಗಿ ಮೂರು ಸೀರಿ ಇಟ್ಟಂಗ ತಿಳೀರಿ," ಎಂದು ಆಕೆ ವಿವರಿಸಿದಳು. "ಈ ಕೆಂಪಂದು ಮೂಲಖಂಡ. ಮಗ್ಗ ನಡಸೂ ಬುದ್ಧಿ ಎಲ್ಲ ಇದರಾಗ ಐತಿ. ವರ್ಷಾ ವರ್ಷಾ ಹೊಸ ವಿದ್ಯಾ ಕಲಿಸ್ಕೋತ ಬಂದು ಈಗ ತುಂಬಿ ತುಳಕಾಕತ್ತೈತಿ. ಉಸಿರಾಡಾಕ ಜಾಗ ಇಲ್ಲದಕ್ಕ ಕೈ ನಿಲ್ಲತೈತಿ. ಕಡೀಕಿನ ಹಸಿರು ಹಸ್ತಖಂಡ. ನಿಮ್ಮ ಅವ್ವನ ಕೈ, ನಿಮ್ಮ ಕೈ ಅಲ್ಲೇ ಅದಾವ. ಮೊದಲನೇ ಸೀರಿ ಉದ್ದ ಮಾಡಬೇಕಂದ್ರ ಅದರ ಮಗ್ಗಲದ ಹಾಸೇ ಬೇಕಲ್ಲ, ಮೂರನೇದರದು ತಗೊಳ್ಳಾಕ ಬರೂದಿಲ್ಲ. ನಿಮ್ಮ ದೈವ ಚಲೋ ಐತಿ, ಮಗ್ಗಲಕ್ಕೇ ದೊಡ್ಡ ಜಾಗ ಖಾಲಿ ಬಿದ್ದೈತಿ. ಮೂಲಖಂಡದ ಗಡಿ ಸರಿಸಿ ಇದನ್ನ ಅದರಾಗ ಸೇರಿಸಿಬಿಟ್ರ ಆತು. ನಿಮ್ಮ ಅವ್ವನ ಕೈಗೆ ಒಂದು ಕೂದಲಷ್ಟು ಧಕ್ಕಿ ಆಗೂದಿಲ್ಲ."

"ಅದು ಖಾಲಿ ಇಲ್ರಿ," ಎಂದ ಮಹಾಂತಪ್ಪ.

"ಪಟ್ಟಿ ಖಾಲಿ ಅನ್ನತೈತಿ."

"ಪಟ್ಟಿ ಅನ್ನತೈತಿ. ನಾ ಅನ್ನೂದಿಲ್ಲ."

ತಹಸೀನಳ ಕೆಲಸವೇ ಯಂತ್ರಗಳ ಮಾತು ಕೇಳುವುದು. ಮನುಷ್ಯರ ಮಾತಿಗೆ ಕಿವಿಗೊಡುವ ಪ್ರಸಂಗ ಆಕೆಗೆ ಅಪರೂಪ. ಆದರೂ ಆಕೆ ಬಿಳಿಯ ಭಾಗವನ್ನು ದೊಡ್ಡದು ಮಾಡಿ ನೋಡಿದಳು. ಹೌದು, ಅಲ್ಲಿ ಬರವಣಿಗೆ ಇತ್ತು. ಹೆಸರಿಲ್ಲದ, ಯಾವ ಸೂಚಿಯಲ್ಲೂ ಇಲ್ಲದ ಒಂದು ಕೈ ಅಲ್ಲಿ ಮಲಗಿತ್ತು.

ಸ್ಮೃತಿತಟ್ಟೆಯಿಂದ ಏನನ್ನಾದರೂ ಅಳಿಸಿದರೆ ಯಂತ್ರ ನಿಜವಾಗಿ ಮಾಡುವುದು ಇಷ್ಟೇ: ಸೂಚಿಯಿಂದ ಅದರ ಹೆಸರನ್ನು ಹೊಡೆದುಹಾಕುತ್ತದೆ, ಜಾಗ ಖಾಲಿ ಎಂದು ಸಾರುತ್ತದೆ. ಬರೆದದ್ದು ಮಾತ್ರ ಅಲ್ಲೇ ಇರುತ್ತದೆ, ಅದರ ಮೇಲೆ ಬೇರೆ ಬರಹ ಬೀಳುವವರೆಗೆ. ಈ ಸಂಗತಿಯನ್ನು ಮೊದಲು ಬಂದಿದ್ದ ಒಬ್ಬ ತಂತ್ರಜ್ಞ ಚಹಾದ ಹೊತ್ತಿನಲ್ಲಿ ಬಾಯಿತಪ್ಪಿ ಹೇಳಿದ್ದ. ಅಂದಿನಿಂದ ಮಹಾಂತಪ್ಪ ಆ ಜಾಗಕ್ಕೆ ಒಂದಕ್ಷರ ಬೀಳಗೊಟ್ಟಿರಲಿಲ್ಲ.

ಆ ಕೈ ಅವನ ಮಗಳು ಬನಶ್ರೀಯದು.

ತಾಯಿಯನ್ನು ಎರಡು ವರ್ಷದವಳಿರುವಾಗಲೇ ಕಳೆದುಕೊಂಡ ಹುಡುಗಿ ಈ ಶೆಡ್ಡಿನಲ್ಲೇ ಅಜ್ಜಿಯ ತೊಡೆಯ ಮೇಲೆ ಬೆಳೆದಳು. ಹದಿನಾರಕ್ಕೆಲ್ಲ ಹನ್ನೆರಡು ಮಗ್ಗಗಳಲ್ಲಿ ಅವಳಂಥ ಕೈ ಇನ್ನೊಂದಿರಲಿಲ್ಲ. ಅವಳು ಹಾಕಿದ ಕೊಂಡಿಯ ಮೇಲೆ ಬೆರಳಾಡಿಸಿದರೆ ಒಡಲು ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಇಪ್ಪತ್ತೆರಡನೆಯ ವರ್ಷದಲ್ಲಿ ಅವಳು ಅಪ್ಪನಿಗೆ ಹೇಳದೆ ಒಂದು ಕೆಲಸ ಮಾಡಿದಳು. ದೂರದ ಒಂದು ಯಂತ್ರಗಿರಣಿಗೆ ತನ್ನ ಕೈಯ ನಕಲು ಕೊಟ್ಟಳು. "ಈ ಕೈ ಈ ಶೆಡ್ಡಿನ್ಯಾಗ ಸಾಯಬಾರದು ಅಪ್ಪಾ, ನಾಕ ಊರಿಗೆ ಮುಟ್ಟಬೇಕು" ಎನ್ನುವುದು ಅವಳ ವಾದ. ಮುಟ್ಟಿತು. ಗಿರಣಿಯ ಸಾವಿರ ಮಗ್ಗಗಳು ಅವಳ ಕೈಯಲ್ಲೇ ಹಗಲಿರುಳು ನೇಯ್ದವು. ಶೆಡ್ಡಿನ ಸೀರೆ ಕೇಳುವವರು ಇಲ್ಲವಾದರು. ಉಳಿದ ಹನ್ನೊಂದು ಮಗ್ಗದವರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ಮಹಾಂತಪ್ಪ ಬಂದರೆ ಮಾತು ನಿಲ್ಲಿಸತೊಡಗಿದರು.

ಅವನಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ಮಧ್ಯಾಹ್ನ ಎಲ್ಲರೆದುರಿಗೆ ಸೂಚಿಯಿಂದ ಮಗಳ ಹೆಸರು ತೆಗೆದು, ಅಳಿಸುವ ಗುಂಡಿ ಒತ್ತಿ, "ಈ ಮಗ್ಗದಾಗ ನಿನ್ನ ಕೈ ಇಲ್ಲ, ನೀನೂ ಇಲ್ಲ" ಎಂದ. ಅವಳು ಒಂದು ಚೀಲ ಹಿಡಿದು ಹೊರಟುಹೋದಳು. ದೂರವೇನೂ ಹೋಗಲಿಲ್ಲ. ಹೊಸಪೇಟೆಯ ಒಂದು ಚಿಕಿತ್ಸಾಲಯದಲ್ಲಿ, ಪಾರ್ಶ್ವವಾಯು ಬಡಿದು ಕೈ ಸೋತವರಿಗೆ ಮತ್ತೆ ಬೆರಳಾಡಿಸುವುದನ್ನು ಕಲಿಸುವ ಕೆಲಸ ಹಿಡಿದಳು. ಬಸ್ಸಿನಲ್ಲಿ ಎರಡು ತಾಸಿನ ಹಾದಿ. ಆ ಎರಡು ತಾಸು ಹನ್ನೊಂದು ವರ್ಷವಾಗಿ ಬೆಳೆದಿತ್ತು.

ಸಿಟ್ಟು ಇಳಿದದ್ದು ಯಾವಾಗ ಎಂದು ಮಹಾಂತಪ್ಪನಿಗೇ ಗೊತ್ತಿಲ್ಲ. ಮೊದಮೊದಲು ಅವನು ಬಜಾರಿನ ಅಂಗಡಿಗಳಿಗೆ ಹೋಗಿ ಗಿರಣಿಯ ಸೀರೆ ಬಿಚ್ಚಿಸಿ ನೋಡುತ್ತಿದ್ದ. ಕೊಳ್ಳುವವನಲ್ಲ. ಕೊಂಡಿಯ ಸಾಲಿನ ಮೇಲೆ ಬೆರಳಾಡಿಸುವುದು, ಎದ್ದು ಬರುವುದು. ಯಾವ ಸೀರೆಗಳು ತನ್ನ ಕೂಳು ಕಸಿದವೋ ಅವುಗಳಲ್ಲೇ ಅವನಿಗೆ ಮಗಳು ಸಿಗುತ್ತಿದ್ದಳು. ಮೂರು ವರ್ಷಗಳ ನಂತರ ಹಸ್ತಹಕ್ಕು ಕಾಯಿದೆ ಬಂತು. ಗಿರಣಿಗಳು ಬಾಚಿಕೊಂಡ ಕೈಗಳನ್ನೆಲ್ಲ ನಾಶ ಮಾಡಬೇಕೆಂದು ಸರಕಾರ ಆಜ್ಞೆ ಮಾಡಿತು. ನೇಕಾರರು ಓಣಿಯಲ್ಲಿ ಪೇಢೆ ಹಂಚಿದರು, ಮಹಾಂತಪ್ಪನೂ ತಿಂದ. ಆದರೆ ಮರುತಿಂಗಳು ಬಜಾರಿಗೆ ಹೋದಾಗ ಯಾವ ಸೀರೆಯಲ್ಲೂ ಅವಳ ಕೈ ಇರಲಿಲ್ಲ. ಅಂದು ಅವನು ಅಂಗಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತುಬಿಟ್ಟಿದ್ದ.

ಉಳಿದದ್ದು ಈ ಬಿಳಿಯ ಪಟ್ಟಿ ಒಂದೇ.

"ಅಮಾಸಿಗೆ ಶೆಡ್ಡು ಸೂಟಿ ಇರತೈತ್ರಿ," ಎಂದು ಮಹಾಂತಪ್ಪ ಈಗ ತಹಸೀನಳಿಗೆ ಮೆಲ್ಲಗೆ ಹೇಳಿದ. "ಯಾರೂ ಇರೂದಿಲ್ಲ. ನಾ ಬಂದು ಮಗ್ಗ ಚಾಲೂ ಮಾಡ್ತೀನಿ. ಯಾರ ಕೈನೂ ಕರಿಯೂದಿಲ್ಲ, ಸುಮ್ನ ಎದುರಿಗೆ ಕೂಡತೀನಿ. ಆವಾಗ ಜೊತೆಗೈ ಸಣ್ಣಗ ನಡಗತೈತಿ. ಬಾ ಅಂದ್ರ ಬರೂ ಹಂಗ."

ಸುಳ್ಳು ಹೇಳುವುದು ತಹಸೀನಳಿಗೆ ಬರುತ್ತಿರಲಿಲ್ಲ.

"ಅದು ಮೋಟಾರಿನ ನಡುಕ ಕಾಕಾ. ಎಲ್ಲಾ ಮಗ್ಗದಾಗೂ ಇರತೈತಿ."

"ಗೊತ್ತೈತ್ರಿ," ಎಂದ ಅವನು. "ಆದ್ರೂ ಕೂಡತೀನಿ."

ಆಕೆ ಕಷ್ಟವನ್ನು ಬಿಡಿಸಿ ಹೇಳಿದಳು. ಮೂಲಖಂಡ ಇನ್ನು ಹದಿನೈದು ದಿನ ತಡೆದರೆ ಹೆಚ್ಚು. ಅದು ಪೂರ್ತಿ ಕುಸಿದರೆ ತಿಪ್ಪವ್ವನ ಕೈ, ಅವನ ಕೈ, ಹೆಸರಿಲ್ಲದ ಆ ಕೈ, ಮೂರೂ ಒಟ್ಟಿಗೇ ಹೋಗುತ್ತವೆ. ವಿಸ್ತರಿಸಿದರೆ ಎರಡು ಉಳಿಯುತ್ತವೆ, ಬಿಳಿಯ ಪಟ್ಟಿಯ ಮೇಲೆ ಹೊಸ ಬರಹ ಬಿದ್ದು ಮಗಳ ಕೈ ಅಳಿಯುತ್ತದೆ. ಮೂರೂ ಉಳಿಯಬೇಕಾದರೆ ವಿಸ್ತರಿಸುವ ಮೊದಲು ಆ ಕೈಯನ್ನು ಬೇರೆ ತಟ್ಟೆಗೆ ನಕಲು ಮಾಡಿಕೊಳ್ಳಬೇಕು. ಇಪ್ಪತ್ತು ನಿಮಿಷದ ಕೆಲಸ.

"ಮಾಡ್ರಿ ಮತ್ತ."

"ಮಾಡಾಕ ಬರೂದಿಲ್ಲ. ಹಸ್ತಹಕ್ಕು ಕಾಯಿದೆ ಐತಲ್ಲ. ಯಾರ ಕೈ ಐತಿ ಅವರು ಒಪ್ಪದಿದ್ರ ನಕಲು ಮಾಡೂ ಹಂಗಿಲ್ಲ. ಮಾಡಿದ್ರ ನನ್ನ ಯಂತ್ರಾನ ಬಂದ್ ಆಗತೈತಿ."

"ನಮ್ಮ ಅವ್ವನ ಕೈದು ಒಂದು ತುಣುಕು ಹೋದ ವರ್ಷ ತಪಾಸಣಿಗಂತ ನಕಲು ಮಾಡ್ಕೊಂಡು ಹೋದ್ರಲ್ರಿ ನಿಮ್ಮವರು?"

"ತೀರಿಕೊಂಡವರ ಪರವಾಗಿ ವಾರಸುದಾರರು ಒಪ್ಪಬಹುದು ಕಾಕಾ. ಬದುಕಿದ್ದವರ ಪರವಾಗಿ ಯಾರೂ ಒಪ್ಪಾಕ ಬರೂದಿಲ್ಲ."

ಮಹಾಂತಪ್ಪನಿಗೆ ಈ ನ್ಯಾಯ ವಿಚಿತ್ರವೆನಿಸಿತು. ಸತ್ತ ತಾಯಿಗಿಂತ ಜೀವಂತವಿರುವ ಮಗಳೇ ದೂರದವಳೆಂದು ಸರಕಾರವೂ ಕಾಗದದ ಮೇಲೆ ಬರೆದಿಟ್ಟಂತಿತ್ತು.

"ನೀವಾ ಕೇಳ್ರಿ ಆಕೀನ್ನ," ಎಂದ. "ನಂಬರ ಕೊಡ್ತೀನಿ."

"ನಾ ಕೇಳೂ ಹಂಗಿಲ್ಲ. ನಕಲು ಯಾರಿಗೆ ಬೇಕೋ ಅವರ ಬಾಯಿಂದಾನ ಕೇಳಬೇಕು, ಕೈ ಯಾರದೋ ಅವರ ಬಾಯಿಂದಾನ ಹ್ಞೂಂ ಅನಿಸ್ಕೋಬೇಕು. ಗಿರಣಿಯವರು ದಲ್ಲಾಳಿಗಳನ್ನ ಇಟ್ಟು ಎಲ್ಲಾರ ಕೈ ಬಾಚ್ಕೊಂಡಿದ್ರಲ್ಲ, ಅದಕ್ಕ ಈ ಕಲಮು."

ಕಾಯಿದೆ ಮಾಡಿದವರು ದಲ್ಲಾಳಿಗಳ ಹಾದಿಗೆ ಗೋಡೆ ಕಟ್ಟಿದ್ದರು. ಆ ಗೋಡೆಗೆ ಮೊದಲು ತಲೆ ತಗುಲಿದ್ದು ಒಬ್ಬ ಹಟಮಾರಿ ಅಪ್ಪನದು.

ತಹಸೀನ ಕಾಯಿದೆಯಲ್ಲಿ ಹೇಳಿದ ವಿನಂತಿಯ ಒಕ್ಕಣೆಯನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ನಂಬರನ್ನು ಮಹಾಂತಪ್ಪ ಎಲ್ಲಿಯೂ ನೋಡಬೇಕಾಗಲಿಲ್ಲ. ಆರು ವರ್ಷದ ಹಿಂದೆ ತಂಗಿಯ ಬಾಯಿಂದ ಕೇಳಿದ್ದು ಬಾಯಿಪಾಠವಾಗಿತ್ತು, ಹಚ್ಚಿದ್ದು ಮಾತ್ರ ಒಮ್ಮೆಯೂ ಇಲ್ಲ. ಅವನು ಫೋನು ಹಚ್ಚಿದಾಗ ಅಕ್ಕಪಕ್ಕದ ಮಗ್ಗಗಳ ಸಪ್ಪಳ ಒಂದೊಂದಾಗಿ ನಿಂತಿತು. ಯಾರೂ ನಿಲ್ಲಿಸೆಂದು ಹೇಳಿರಲಿಲ್ಲ.

"ಯಾರ್ರೀ?" ಎಂದಿತು ಆ ಕಡೆಯ ದನಿ.

ಮಹಾಂತಪ್ಪ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಓದತೊಡಗಿದ. "ಬನಶ್ರೀ ಮಹಾಂತಪ್ಪ ಇವರಲ್ಲಿ ವಿನಂತಿ. ಮಗ್ಗ ಸಂಖ್ಯೆ ಏಳರ ಸ್ಮೃತಿತಟ್ಟೆಯಲ್ಲಿ ಇರುವ ತಮ್ಮ ಹಸ್ತಸ್ಮೃತಿಯನ್ನು ನಕಲು ಮಾಡಿ ಉಳಿಸಿಕೊಳ್ಳಲು, ಕೆಳಗೆ ಸಹಿ ಮಾಡಿದ ಅರ್ಜಿದಾರನಿಗೆ ತಮ್ಮ ಪೂರ್ಣ ಮನಸ್ಸಿನಿಂದ ಅನುಮತಿ ದಯಪಾಲಿಸಬೇಕೆಂದು..." ಅಲ್ಲಿ ಹಾಳೆಯನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದು, "ಕೋರಲಾಗಿದೆ" ಎಂದು ಮುಗಿಸಿದ.

ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದಾಯಿತು.

"ಅಪ್ಪಾ," ಎಂದಳು ಬನಶ್ರೀ. "ಅದನ್ನ ಅಳಿಸಿದ್ದಿ ಅಲ್ಲ?"

"ಅಳಿಸಿದ್ದೆ."

"ನನ್ನ ಎದುರಿಗೇ ಅಳಿಸಿದ್ದಿ."

"ಹೌದವ್ವಾ."

"ಮತ್ತ ಈಗ ಎಲ್ಲಿಂದ ಬಂತು?"

ಮಹಾಂತಪ್ಪ ಫೋನನ್ನು ತಹಸೀನಳ ಕೈಗೆ ಕೊಟ್ಟ. ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಅಳಿಸಿದ ಕೈ ಹೇಗೆ ಉಳಿದುಕೊಂಡಿತೆಂಬುದು, ಮಗ್ಗ ನಿಂತು ನಿಂತು ಎಳೆ ಹರಿದರೂ ನಿಮ್ಮ ತಂದೆ ನಾಲ್ಕು ಸಲ ವಿಸ್ತರಣೆ ಬೇಡವೆಂದದ್ದು, ಆ ಜಾಗದಲ್ಲಿ ಹನ್ನೊಂದು ವರ್ಷ ಒಂದಕ್ಷರವೂ ಬೀಳದ್ದು. ಅಮಾವಾಸ್ಯೆಯ ಮಾತನ್ನು ಆಕೆ ಹೇಳಲಿಲ್ಲ. ಅದು ಯಂತ್ರಕ್ಕೆ ಸಂಬಂಧಿಸಿದ್ದಲ್ಲ ಎಂದುಕೊಂಡಳು.

ಫೋನು ಮತ್ತೆ ಮಹಾಂತಪ್ಪನ ಕೈಗೆ ಬಂತು.

"ನಾ ಒಪ್ಪಿದ್ರ ಆ ಕೈ ತಗೊಂಡು ಏನ ಮಾಡ್ತಿ?" ಎಂದು ಮಗಳು ಕೇಳಿದಳು.

"ಎದುರಿಗೆ ಕೂಡಿಸ್ಕೋತೀನಿ."

"ಆಮ್ಯಾಲ?"

"ಆಮ್ಯಾಲ... ದಿನಾ ಕೊಂಡಿ ಹಾಕ್ತೀವಿ, ಇಬ್ಬರೂ."

ಫೋನಿನಲ್ಲಿ ಅವಳ ಉಸಿರಾಟ ಕೇಳಿಸಿತು.

"ನಾ ಒಪ್ಪೂದಿಲ್ಲ ಅಪ್ಪಾ," ಎಂದಳು. "ಆ ಜಾಗ ತುಂಬಿಬಿಡು." ಫೋನು ಕಡಿಯಿತು.

ತಹಸೀನಳ ಯಂತ್ರ ಆ ಉತ್ತರವನ್ನು ದಾಖಲು ಮಾಡಿಕೊಂಡು ಹಳದಿ ದೀಪ ತೋರಿಸಿತು. ನಿರಾಕರಣೆ ದಾಖಲಾದ ಮೇಲೆ ಆ ಕೈಯನ್ನು ಉಳಿಸುವ ಹಾದಿ ಯಾವುದೂ ಇರಲಿಲ್ಲ. "ನಾಳೆ ಮಾಡೂಣೇನ ಕಾಕಾ?" ಎಂದು ಆಕೆ ಕೇಳಿದಳು. ಮಹಾಂತಪ್ಪ ನಾಳೆ ಬೇಡವೆಂದು ತಲೆಯಲ್ಲಾಡಿಸಿದ. ಮೊದಲನೆಯ ಸಲ ಅಳಿಸುವಾಗ ಅವನು ಯಾರನ್ನೂ ಕೇಳಿರಲಿಲ್ಲ. ಈ ಸಲ ಕೇಳಿದ್ದ, ಉತ್ತರ ಸಿಕ್ಕಿತ್ತು. ಮಗಳ ಮಾತನ್ನು ಒಮ್ಮೆಯಾದರೂ ನಡೆಸಬೇಕು ಎಂದುಕೊಂಡು ತಾನೇ ಗುಂಡಿ ಒತ್ತಿದ.

ಕೆಂಪು ಪಟ್ಟಿ ಬಿಳಿಯೊಳಕ್ಕೆ ನಿಧಾನವಾಗಿ ಸರಿಯತೊಡಗಿತು. ಯಂತ್ರ ಒಂದೊಂದು ತುಣುಕನ್ನೂ ಪರೀಕ್ಷಿಸಿ, ಬರೆದು, ಮತ್ತೆ ಓದಿ ಖಾತ್ರಿ ಮಾಡಿಕೊಂಡು ಮುಂದೆ ಹೋಗುತ್ತಿತ್ತು. ಒಂದು ತಾಸು ಹತ್ತು ನಿಮಿಷ ಹಿಡಿಯಿತು. ಅವನು ಅಷ್ಟು ಹೊತ್ತೂ ಪರದೆಯ ಮುಂದಿನಿಂದ ಕದಲಲಿಲ್ಲ. ಬಿಳಿಯದು ಬೆರಳಿನಷ್ಟು ಉಳಿಯಿತು, ಎಳೆಯಷ್ಟು ಉಳಿಯಿತು, ಆಮೇಲೆ ಇರಲಿಲ್ಲ. ಪರದೆಯ ಮೇಲೆ ವರದಿ ಬಂತು: ಮೂಲಖಂಡ ವಿಸ್ತರಣೆ ಯಶಸ್ವಿ. ದತ್ತಾಂಶ ನಷ್ಟ ಇಲ್ಲ.

ಯಂತ್ರ ಸುಳ್ಳು ಹೇಳಿರಲಿಲ್ಲ. ಅದರ ಪಟ್ಟಿಯಲ್ಲಿದ್ದದ್ದು ಏನೂ ಹೋಗಿರಲಿಲ್ಲ. ಮಹಾಂತಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, "ಇನ್ನೊಂದು ಚಾ ಹೇಳ್ಲೇನ್ರಿ?" ಎಂದ.

ಮಗ್ಗ ಈಗ ಬೆಣ್ಣೆಯ ಹಾಗೆ ನಡೆಯಿತು. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ತಿಪ್ಪವ್ವನ ಕೈ ಒಮ್ಮೆಯೂ ನಿಲ್ಲಲಿಲ್ಲ, ಒಂದು ಎಳೆಯೂ ಹರಿಯಲಿಲ್ಲ. ನಿಲ್ಲದ ಮಗ್ಗದ ಮುಂದೆ ಅವನಿಗೆ ಮೊದಲಿಗಿಂತ ಹೆಚ್ಚು ಬೇಸರವಾಯಿತು. ಮೊದಲು ಕಾಯಲಿಕ್ಕಾದರೂ ಏನೋ ಒಂದಿತ್ತು.

ಮೂರನೆಯ ದಿನ ಊಟದ ಹೊತ್ತಿನಲ್ಲಿ ಶೆಡ್ಡಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕನ್ನಡಕ ಹಾಕಿದ್ದಳು, ಮುಂದಲೆಯಲ್ಲಿ ಒಂದೆರಡು ನರೆಕೂದಲು. ಮಹಾಂತಪ್ಪ ಗುರುತು ಹಿಡಿಯಲಿಲ್ಲ. ಹನ್ನೊಂದು ವರ್ಷದಿಂದ ಅವನು ಕಾಯುತ್ತಿದ್ದದ್ದು ಇಪ್ಪತ್ತೆರಡರ ಹುಡುಗಿಗೆ. ಅವಳು ಸೀದಾ ಏಳನೆಯ ಮಗ್ಗಕ್ಕೆ ಬಂದಳು. ಆಚೆ ಬದಿಗೆ ಹೋಗಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು.

"ಈ ಉಕ್ಕಿನ ಕೈ ಸರಸು ಅಪ್ಪಾ," ಎಂದಳು. "ನನಗ ಕೂಡಾಕ ಜಾಗ ಇಲ್ಲ."

ಮಹಾಂತಪ್ಪ ಜೊತೆಗೈಯ ತಿರುಪನ್ನು ಎರಡು ಸಲ ತಪ್ಪು ದಿಕ್ಕಿಗೆ ತಿರುಗಿಸಿದ. ಎಂಟನೆಯ ಮಗ್ಗದವನು ಎದ್ದು ಬಂದು ಬಿಚ್ಚಿಕೊಟ್ಟ.

ಅಭ್ಯಾಸ ತಪ್ಪಿ ಬನಶ್ರೀಯ ಕೈ ಕೆಟ್ಟಿತ್ತು. ಎಳೆ ತಪ್ಪುತ್ತಿತ್ತು, ಕೊಂಡಿ ಸಡಿಲಾಗುತ್ತಿತ್ತು. ಒಂದು ಕಡೆ ಅವಳೇ ನಕ್ಕು, "ನನ್ನ ಪೇಶಂಟುಗಳ ಕೈ ಇದಕ್ಕಿಂತ ಚಲೋ ಅದಾವು" ಎಂದಳು. ಮಹಾಂತಪ್ಪ ಒಂದೂ ತಪ್ಪನ್ನು ಬಿಚ್ಚಿಸಲಿಲ್ಲ. ಬಿಚ್ಚಿಸದೆ ಮುಂದೆ ಹೋಗುವುದು ಅವನ ಮೂವತ್ತೆಂಟು ವರ್ಷಗಳ ನೇಯ್ಗೆಯಲ್ಲಿ ಅದೇ ಮೊದಲು.

ಮರುದಿನ ಬೆಳಿಗ್ಗೆ ತಹಸೀನ ವಿಸ್ತರಣೆ ಸರಿಯಾಗಿ ಕೂತಿದೆಯೇ ನೋಡಲು ಬಂದಾಗ ಅಪ್ಪ ಮಗಳು ಎದುರುಬದುರು ಕುಳಿತಿದ್ದರು. ಆಕೆ ಸ್ವಲ್ಪ ಹೊತ್ತು ದೂರದಿಂದಲೇ ನೋಡಿದಳು. ಆಮೇಲೆ ಹತ್ತಿರ ಬಂದು, ಮಗ್ಗದಲ್ಲಿ ಈಗ ಜಾಗ ಬೇಕಾದಷ್ಟಿದೆ, ಬನಶ್ರೀ ಒಪ್ಪುವುದಾದರೆ ಇವತ್ತೇ ಅವರ ಕೈಯನ್ನು ಹೊಸದಾಗಿ ಬರೆದಿಟ್ಟುಕೊಳ್ಳಬಹುದು ಎಂದಳು.

ಬನಶ್ರೀ ಅಪ್ಪನ ಮುಖ ನೋಡಿದಳು. "ನನ್ನ ಒಪ್ಪಿಗಿ ಐತಿ," ಎಂದಳು.

"ನಂದಿಲ್ಲ," ಎಂದ ಮಹಾಂತಪ್ಪ.

"ಯಾಕ ಕಾಕಾ?" ತಹಸೀನಳಿಗೆ ನಿಜವಾಗಿ ಆಶ್ಚರ್ಯವಾಯಿತು. "ಅದಕ್ಕಂತಾನ ಇಷ್ಟು ವರ್ಷ ಜೀವ ತೇದೀರಿ."

"ಬ್ಯಾಡ್ರಿ ಬಾಯಾರ. ಆಕಿ ಕೈ ಇಲ್ಲೇ ಉಳದ್ರ ನಾ ಆಕಿಗೆ ಫೋನ್ ಹಚ್ಚೂದಿಲ್ಲ. ನನ್ನ ಬುದ್ಧಿ ನನಗ ಗೊತ್ತೈತಿ."

ತಹಸೀನ ತನ್ನ ವರದಿಯಲ್ಲಿ, ವಿಸ್ತರಣೆ ಸಮರ್ಪಕ, ಹೆಚ್ಚುವರಿ ಜಾಗ ಬಳಕೆದಾರರ ಇಚ್ಛೆಯಂತೆ ಖಾಲಿ, ಎಂದು ಬರೆದಳು. ಹಸ್ತಹಕ್ಕು ಕಾಯಿದೆಯ ಉದ್ದೇಶಗಳಲ್ಲಿ ಇಂಥದ್ದೊಂದನ್ನು ಯಾರೂ ಸೇರಿಸಿರಲಿಲ್ಲ, ವರದಿಯ ನಮೂನೆಯಲ್ಲೂ ಅದಕ್ಕೊಂದು ಕಲಮು ಇರಲಿಲ್ಲ.

ಬನಶ್ರೀಗೆ ರಜೆ ಇದ್ದದ್ದು ಅಷ್ಟೇ. ಅಂದು ಮಧ್ಯಾಹ್ನ ಅವಳು ಹೊಸಪೇಟೆಯ ಬಸ್ಸು ಹತ್ತಿದಳು. ಮಹಾಂತಪ್ಪ ಬಸ್‌ಸ್ಟ್ಯಾಂಡಿನವರೆಗೆ ಬಂದು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದ. ಬಸ್ಸು ಇನ್ನೂ ಕುಷ್ಟಗಿ ಮುಟ್ಟಿರಲಿಲ್ಲ, ಅವಳ ಫೋನು ರಿಂಗಾಯಿತು.